ನ್ಯಾಚುರಲ್ ಹೇರ್ ಅಂದ್ರೆ ಯಾರ ಕೂದಲು?

ಕಳೆದ ಡಿಸೆಂಬರಿನಲ್ಲಿ ನಮ್ಮ ಆಫೀಸಿನವರು ಒಂದು ಶುಕ್ರವಾರ ಸಂಜೆ ಚಿತ್ರ ಬಿಡಿಸೋ ಕಾರ್ಯಕ್ರಮ ಇಟ್ಟಿದ್ರು. ವರ್ಷವಿಡೀ ಟಾರ್ಗೆಟ್ ಅಂತ ಜೀವ ತಿಂದು, ಕೊನೆಗೆ ಒಂದು ಸಂಜೆ ನಮ್ಮ ಮನಸ್ಸಿನ ಆರೋಗ್ಯ ವಿಚಾರಿಸೋ ಪದ್ಧತಿ ಈಗ ಎಲ್ಲಾ ಕಡೆ ಇದೆಯಲ್ಲ, ಹಾಗೆ. ಮೂವತ್ತು ಜನ, ಮೂವತ್ತು ಪುಟ್ಟ ಕ್ಯಾನ್ವಾಸು, ಮೂವತ್ತು ಕಿಟ್ಟು. ಎಲ್ಲರೂ ಒಂದೇ ಸೂರ್ಯಾಸ್ತ ಬರೀಬೇಕು. ಸಮೋಸ, ಕಾಫಿ, ಹಿನ್ನೆಲೆಯಲ್ಲಿ ಯಾವುದೋ ಕೊಳಲು.

ಕಿಟ್ಟಿನಲ್ಲಿ ಮೂರು ಬ್ರಶ್ ಇದ್ವು. ಎರಡು ಹಳದಿ ನೈಲಾನು. ಮೂರನೆಯದು ಸಣ್ಣದು, ಮೆತ್ತಗಿನದು, ತುದಿ ಸೂಜಿಯಂಗೆ. ಅದನ್ನ ಬೆಳಕಿಗೆ ಹಿಡಿದು ನೋಡಿದೆ. ಕೂದಲಿನ ತುದಿ ಕಪ್ಪು, ಅದರ ಕೆಳಗೆ ಕೆನೆ ಬಣ್ಣ, ಮತ್ತೆ ಕಂದು. ನನ್ನ ಹೊಟ್ಟೆಯಲ್ಲಿ ಏನೋ ತಣ್ಣಗಾಯ್ತು. ಕಿಟ್ ತಂದಿದ್ದ ಹುಡುಗನನ್ನ ಕರೆದು ಕೇಳಿದೆ.

"ಇದು ಯಾವ ಕೂದಲಪ್ಪಾ?"

"ನ್ಯಾಚುರಲ್ ಹೇರ್ ಸರ್. ಪ್ರೀಮಿಯಂ."

"ಯಾವ ಪ್ರಾಣೀದು?"

ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ, ಇನ್ನಷ್ಟು ವಿನಯದಿಂದ, "ನ್ಯಾಚುರಲ್ ಸರ್" ಅಂದ.

ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅವನಿಗೆ ಕೊಟ್ಟವನಿಗೂ ಗೊತ್ತಿರಲಿಕ್ಕಿಲ್ಲ. ಈ ವ್ಯಾಪಾರ ನಡೆಯೋದೇ ಹಾಗೆ. ಬಿಲದ ಬಾಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ಅಂಗಡಿಯ ಕೌಂಟರಿಗೆ ಬರೋ ಹೊತ್ತಿಗೆ ಯಾರಿಗೂ ಗೊತ್ತಿರೋದಿಲ್ಲ.

ನನಗೆ ಹೇಗೆ ಗೊತ್ತಾಯ್ತು ಅಂದರೆ, ನಾನು ಬೆಟಗೇರಿಯವನು. ನಮ್ಮ ಕಾಕಾ ಹೆಲ್ತ್ ಕ್ಯಾಂಪಿನ ಹತ್ತಿರ ಒಂದು ತಗಡಿನ ಶೆಡ್ಡಿನಲ್ಲಿ ಬೋರ್ಡು ಬರೀತಿದ್ದರು. ಕಿರಾಣಿ ಅಂಗಡಿ ಬೋರ್ಡು, ಲಾರಿ ಹಿಂದಿನ ಹೆಸರು, ಎಲೆಕ್ಷನ್ ಬಂದರೆ ಗೋಡೆ ಬರಹ. ದೊಡ್ಡ ಅಕ್ಷರಕ್ಕೆ ಒರಟು ಬ್ರಶ್ಶು. ಅಕ್ಷರದ ಅಂಚು ಎಳೀಲಿಕ್ಕೆ ಮಾತ್ರ ಒಂದು ಸಣ್ಣ ಬ್ರಶ್, ಅದನ್ನ ಹಳೇ ಧೋತರದ ತುಂಡಿನಲ್ಲಿ ಸುತ್ತಿ, ಮೇಲಿನ ಹಲಗೆಯಲ್ಲಿ ಇಡ್ತಿದ್ರು. ನಾನು ಶಾಲೆ ಬಿಟ್ಟ ಮೇಲೆ ಅಲ್ಲೇ ಬಿದ್ದಿರ್ತಿದ್ದೆ. ಒಮ್ಮೆ ಮುಟ್ಟಲು ಹೋದಾಗ ಕಾಕಾ ಗದರಿದರು: "ಮುಟ್ಟಬ್ಯಾಡ ತಮ್ಮಾ, ಅದು ಮುಂಗಲಿ ಕೂದಲಾ. ಹಾಳಾದ್ರ ಮತ್ತ ಸಿಗಂಗಿಲ್ಲ."

ನಾನು ಕೇಳಿದೆ: "ಕಾಕಾ, ಮುಂಗಲಿ ಹಿಡದು ಕೂದ್ಲಾ ಕತ್ತರಿಸಿ ಬಿಟ್ಟುಬಿಡ್ತಾರೇನ್ರಿ?"

ಕಾಕಾ ಜೋರಾಗಿ ನಕ್ಕರು. "ಅದೇನ್ ಕುರಿ ಅಂತ ತಿಳದೀಯೇನು?"

ಅಷ್ಟೇ. ಅದರ ಮುಂದೆ ಮಾತಿಲ್ಲ. ನಾನೂ ಮುಂದೆ ಕೇಳಲಿಲ್ಲ. ಆಮೇಲೆ ಫ್ಲೆಕ್ಸ್ ಮಶೀನು ಬಂತು, ಕಾಕಾನ ಶೆಡ್ಡು ಮುಚ್ಚಿತು, ನಾನು ಬೆಂಗಳೂರಿಗೆ ಬಂದೆ. ಆ ಪ್ರಶ್ನೆ ಮಾತ್ರ ಹಲಗೆ ಮೇಲಿದ್ದಂಗೆ ಉಳೀತು.

ಈಗ ಉತ್ತರ ಹೇಳ್ತೀನಿ, ಕೇಳ್ರಿ.

ಮುಂಗುಸಿ ಕೂದಲು ಬ್ರಶ್ಶಿಗೆ ಬಲು ಚಂದ. ಬುಡದಲ್ಲಿ ಗಟ್ಟಿ, ತುದಿಯಲ್ಲಿ ಮೊನೆ. ಬಣ್ಣ ಹಿಡಿದುಕೊಳ್ಳುತ್ತದೆ, ಬಾಗಿಸಿದರೆ ಮತ್ತೆ ನೇರ ಆಗುತ್ತದೆ. ಹಾಗಾಗಿ ಚಿತ್ರಗಾರರು, ಬೋರ್ಡು ಬರೆಯೋರು ಅದನ್ನ ಬಯಸಿದರು. ಹೊರದೇಶಕ್ಕೂ ಕದ್ದು ಹೋಯಿತು. ಆದರೆ ಮುಂಗುಸಿ ಅನ್ನೋ ಪ್ರಾಣಿಯ ತೂಕವೇ ಒಂದೆರಡು ಕಿಲೋ. ಅದರಲ್ಲಿ ಬ್ರಶ್ಶಿಗೆ ಬರುವಂಥ ಉದ್ದ ಕೂದಲು ಸಿಗೋದು ಗ್ರಾಂ ಲೆಕ್ಕದಲ್ಲಿ. ಒಂದು ಕಿಲೋ ಕೂದಲು ಬೇಕಂದರೆ ಹತ್ತಾರು ಪ್ರಾಣಿ ಸಾಯಬೇಕು. ಗುಂಡು ಹೊಡೆಯೋದಿಲ್ಲ, ಚರ್ಮ ಹಾಳಾಗುತ್ತದೆ. ಬಿಲದ ಬಾಯಿಗೆ ಉರುಳು, ಬೇಲಿ ಸಂದಿಗೆ ಬಲೆ. ಸಿಕ್ಕ ಮೇಲೆ ಬಡಿಗೆ. ಆಮೇಲೆ ಕೂದಲು ಕಿತ್ತು, ಕಟ್ಟು ಕಟ್ಟಿ, ಮಧ್ಯವರ್ತಿಯ ಕೈಗೆ. ಅಲ್ಲಿಂದ ಬ್ರಶ್ ಮಾಡೋ ಊರುಗಳಿಗೆ. ಉತ್ತರ ಪ್ರದೇಶದ ಬಿಜನೌರ್ ಜಿಲ್ಲೆಯ ಶೇರ್‌ಕೋಟ್ ಬ್ರಶ್ ಉದ್ಯಮಕ್ಕೇ ಹೆಸರಾದ ಊರು. ಅಲ್ಲಿ ಸಾವಿರಾರು ಜನ ನೆಟ್ಟಗಿನ ಬ್ರಶ್ ಮಾಡಿ ಅನ್ನ ತಿಂತಾರೆ. ಅವರ ನಡುವೆಯೇ ಈ ಕಳ್ಳ ಕೂದಲೂ ನುಸುಳಿ, ಮತ್ತೆ ಮತ್ತೆ ದಾಳಿಯಲ್ಲಿ ಸಿಕ್ಕಿದೆ.

ವರ್ಷಕ್ಕೆ ಎಷ್ಟು ಸಾಯುತ್ತವೆ? 50 ಸಾವಿರದಿಂದ 1 ಲಕ್ಷದವರೆಗೆ ಅಂತ ಬೇರೆ ಬೇರೆ ಅಂದಾಜುಗಳಿವೆ. ಅಂದಾಜೇ, ಲೆಕ್ಕ ಅಲ್ಲ. ಹುಲಿಗೆ ಗಣತಿ ಇದೆ, ಆನೆಗೆ ಗಣತಿ ಇದೆ. ಮುಂಗುಸಿಯನ್ನ ಈ ದೇಶದಲ್ಲಿ ಯಾರೂ ಎಣಿಸಿಲ್ಲ. ಈ ಮಾತು ನೆನಪಿಡ್ರಿ, ಮುಂದೆ ಬೇಕಾಗುತ್ತದೆ.

"ಕಾಯ್ದೆ ಇಲ್ವಾ?" ಅಂತೀರಿ. ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಮೊದಲು ಅದರಲ್ಲೂ ಕೆಲವು ಪ್ರಾಣಿಗಳಿಗೆ ಲೈಸೆನ್ಸ್ ಬೇಟೆಯ ಅವಕಾಶ ಇತ್ತು. 1991ರ ತಿದ್ದುಪಡಿ ಆ ಬಾಗಿಲು ಮುಚ್ಚಿತು. 2002ರಲ್ಲಿ ಮುಂಗುಸಿಯನ್ನ ಮೇಲಿನ ಅನುಸೂಚಿಗೆ ಏರಿಸಿದರು, ಶಿಕ್ಷೆ 7 ವರ್ಷದವರೆಗೆ ಜೈಲು. ಕೊಲ್ಲೋದಷ್ಟೇ ಅಲ್ಲ, ಕೊಳ್ಳೋದು, ಮಾರೋದು, ಸಾಗಿಸೋದು ಎಲ್ಲಾ ಅಪರಾಧ. 2019ರಲ್ಲಿ ಕೇಂದ್ರದ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ "ಆಪರೇಷನ್ ಕ್ಲೀನ್ ಆರ್ಟ್" ಅಂತ ಹೆಸರಿಟ್ಟು ಹಲವು ರಾಜ್ಯಗಳಲ್ಲಿ ದಾಳಿ ಮಾಡಿ ಸಾವಿರಗಟ್ಟಲೆ ಬ್ರಶ್ ಹಿಡಿಯಿತು. ಅಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ.

ಯಾಕೆ ಮುಗೀಲಿಲ್ಲ ಅನ್ನೋದೇ ನನ್ನ ಇವತ್ತಿನ ತಕರಾರು.

ಸ್ವಲ್ಪ ಅಮೆರಿಕಕ್ಕೆ ಹೋಗಿ ಬರೋಣ. ಅಲ್ಲಿ ಬಾಬ್‌ಕ್ಯಾಟ್ ಅಂತ ಒಂದು ಕಾಡುಬೆಕ್ಕು ಇದೆ. ಗಿಡ್ಡ ಬಾಲ, ಚುಕ್ಕಿ ಮೈ, ಮೆತ್ತನೆ ತುಪ್ಪಳ. ಮುಂಗುಸಿಯಂತೆ ಅದೂ ಅಳಿವಿನಂಚಿನಲ್ಲಿಲ್ಲ. ಬೇಟೆಗೆ ಲೈಸೆನ್ಸು, ಋತು, ಮಿತಿ ಎಲ್ಲಾ ಇತ್ತು. ಚೀನಾ, ರಷ್ಯಾದ ಶ್ರೀಮಂತರಿಗೆ ಅದರ ತುಪ್ಪಳದ ಕೋಟು ಬೇಕಾಯ್ತು, ಬೆಲೆ ಏರಿತು, ಬೋನು ಹೆಚ್ಚಾದವು. ಕ್ಯಾಲಿಫೋರ್ನಿಯಾದಲ್ಲಿ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದ ಅಂಚಿಗೆ ವಾಸವಿದ್ದ ಒಬ್ಬ ಮನುಷ್ಯನ ಸ್ವಂತ ಜಾಗದಲ್ಲಿ, ಅವನನ್ನ ಕೇಳದೆ, ಯಾರೋ ಬೋನು ಇಟ್ಟಿದ್ದು ಪತ್ತೆಯಾಯ್ತು. ಗಲಾಟೆ ಎದ್ದಿತು. 2013ರಲ್ಲಿ ಒಂದು ಕಾಯ್ದೆ ಬಂತು: ಉದ್ಯಾನಗಳ ಸುತ್ತ ಬೋನು ಇಡಬಾರದು, ಉಳಿದ ಕಡೆ ಇಡುವವರು ಕಟ್ಟೋ ಫೀಸಿನಲ್ಲೇ ಕಾವಲಿನ ಖರ್ಚು ಹೊರಡಬೇಕು. ಅಂದರೆ ಮಿತಿಯ ದಾರಿ. ಎರಡೇ ವರ್ಷದಲ್ಲಿ, 2015ರಲ್ಲಿ, ಅಲ್ಲಿನ ಮೀನು ಮತ್ತು ಬೇಟೆ ಆಯೋಗ 3–2 ಮತದಿಂದ ಇಡೀ ರಾಜ್ಯದಲ್ಲಿ ಬಾಬ್‌ಕ್ಯಾಟ್‌ಗೆ ಬೋನು ಇಡೋದನ್ನೇ ನಿಷೇಧಿಸಿತು. 2019ರಲ್ಲಿ ತುಪ್ಪಳಕ್ಕಾಗಿ ಯಾವ ಪ್ರಾಣಿಗೂ ಬೋನು ಇಡಬಾರದು ಅಂತ ಕಾಯ್ದೆ ಆಯ್ತು. ಅದೇ ವರ್ಷ ಇನ್ನೊಂದು ಕಾಯ್ದೆಯೂ ಪಾಸಾಯ್ತು: ಹೊಸ ತುಪ್ಪಳದ ಬಟ್ಟೆ ಅಂಗಡಿಯಲ್ಲಿ ಮಾರಲೇಬಾರದು. ಅದು ಜಾರಿಗೆ ಬಂದದ್ದು 2023ರಲ್ಲಿ.

ಈ ಸಾಲನ್ನ ನೋಡ್ರಿ. ಉದ್ಯಾನದ ಅಂಚು, ಇಡೀ ರಾಜ್ಯ, ಕೊನೆಗೆ ಅಂಗಡಿಯ ಕೌಂಟರು. ಬೋನಿನಿಂದ ಶುರು ಮಾಡಿದವರು ಗಿರಾಕಿಯ ತನಕ ನಡೆದು ಬಂದರು. ಗಿರಾಕಿ ಇರೋ ತನಕ ಬೋನು ಇಡೋನು ಇದ್ದೇ ಇರ್ತಾನೆ ಅನ್ನೋದು ಅವರಿಗೆ ತಿಳೀತು.

ನಾವು ಬಿಲದ ಬಾಯಲ್ಲೇ ನಿಂತಿದ್ದೀವಿ. ಕಾಯ್ದೆ ಪುಸ್ತಕದಲ್ಲಿ ಗಿರಾಕಿಯೂ ಅಪರಾಧಿ, ನಿಜ. ಆದರೆ ಬ್ರಶ್ ಕೊಂಡವನೊಬ್ಬನ ಮನೆ ಬಾಗಿಲಿಗೆ ಪೊಲೀಸರು ಬಂದದ್ದು ನೀವು ಕೇಳಿದ್ದೀರಾ? ಬರೋದು ಎಲ್ಲಿಗೆ ಅಂತ ಹೇಳಲಾ?

ಬೆಟಗೇರಿಯಲ್ಲಿ ಒಂದು ಜಾಗದ ಹೆಸರು ಸೆಟ್ಲಮೆಂಟ್. ನಾನು ಚಿಕ್ಕವನಿದ್ದಾಗ ಅದು ಒಂದು ಓಣಿ ಹೆಸರು ಅಂತಷ್ಟೇ ತಿಳಿದಿದ್ದೆ. ಅದು ಬ್ರಿಟಿಷರ ಕಾಲದ ಕ್ರಿಮಿನಲ್ ಟ್ರೈಬ್ಸ್ ಸೆಟ್ಲಮೆಂಟ್. 1871ರಲ್ಲಿ ಒಂದು ಕಾಯ್ದೆ ತಂದು, ಕೆಲವು ಅಲೆಮಾರಿ ಜಾತಿಗಳನ್ನ ಹುಟ್ಟಿನಿಂದಲೇ ಕಳ್ಳರು ಅಂತ ಬರೆದುಬಿಟ್ಟರು. ಮುಂಬಯಿ ಪ್ರಾಂತದಲ್ಲಿ ಹುಬ್ಬಳ್ಳಿ, ಗದಗ, ವಿಜಾಪುರದಂಥ ಕಡೆ ಅವರನ್ನ ಒಂದೆಡೆ ಕೂಡಿ ಹಾಕಿದರು. ಹಾಜರಿ, ಪಾಸು, ಬೇಲಿ. ಮುಂಬಯಿ ಪ್ರಾಂತ ಆ ಕಾಯ್ದೆಯನ್ನ 1949ರಲ್ಲಿ ತೆಗೆದುಹಾಕಿತು, ಇಡೀ ದೇಶದಲ್ಲಿ 1952ರ ಆಗಸ್ಟ್ 31ಕ್ಕೆ ಹೋಯಿತು. ಕಾಯ್ದೆ ಹೋಯಿತು, ಹೆಸರು ಹೋಗಲಿಲ್ಲ. ಈಗಲೂ ಎಲ್ಲಾದರೂ ಕಳುವಾದರೆ ಮೊದಲು ಯಾರ ಓಣಿಯ ಕಡೆ ಕೈ ತೋರಿಸ್ತಾರೆ ಅಂತ ನಮ್ಮ ಕಡೆಯವರನ್ನ ಕೇಳಿ ನೋಡ್ರಿ.

ಸೆಟ್ಲಮೆಂಟಿನಲ್ಲಿದ್ದವರೆಲ್ಲ ಬೇಟೆಗಾರರಲ್ಲ. ಹಾಗಂತ ನಾನು ಹೇಳ್ತಿಲ್ಲ. ಆದರೆ ನಮ್ಮ ಸೀಮೆಯ ಹರಣಶಿಕಾರಿಗಳು, ದಕ್ಷಿಣದ ಹಕ್ಕಿಪಿಕ್ಕಿಗಳು ಹೊತ್ತಿರೋ ಹಣೆಪಟ್ಟಿಯೂ ಅದೇ ಜಾತಿಯದು. ಹೆಸರಲ್ಲೇ ಶಿಕಾರಿ, ಹೆಸರಲ್ಲೇ ಹಕ್ಕಿ. ಮುಂಗುಸಿ ಕೂದಲಿನ ಸರಪಳಿಯಲ್ಲಿ ಅತ್ಯಂತ ಕಡಿಮೆ ದುಡ್ಡು ಸಿಗೋದು ಉರುಳು ಹಾಕಿದವನಿಗೆ. ಸುಲಭಕ್ಕೆ ಸಿಕ್ಕಿ ಬೀಳೋನೂ ಅವನೇ. ಮಧ್ಯದವನಿಗೆ ವಕೀಲ ಇದ್ದಾನೆ. ಅಂಗಡಿಯವನಿಗೆ ಬಿಲ್ಲಿದೆ, ಅದರಲ್ಲಿ "ಆರ್ಟ್ ಮಟೀರಿಯಲ್" ಅಂತ ಬರೆದಿದೆ. ನಿಮಗೆ, ನನಗೆ "ನಂಗೇನ್ ಗೊತ್ತಿತ್ತು" ಅನ್ನೋ ಮಾತಿದೆ. ಅವನಿಗೆ ಏನೂ ಇಲ್ಲ, ಕೈಯಲ್ಲಿ ಬಲೆ ಇದೆ.

ಹೀಗೆ ಅಜ್ಜನನ್ನ ಬೇಲಿಯೊಳಗೆ ಹಾಕಿದ ಸಮಾಜ ಮೊಮ್ಮಗನನ್ನ ಜೈಲಿಗೆ ಹಾಕಿ, ಅವನು ಹಿಡಿದುಕೊಟ್ಟದ್ದನ್ನ ತಾನು ಗಿಫ್ಟ್ ಪೇಪರಿನಲ್ಲಿ ಸುತ್ತಿಕೊಂಡು ಹೋಗುತ್ತದೆ. ಇದಕ್ಕೆ ನಾವು ವನ್ಯಜೀವಿ ಸಂರಕ್ಷಣೆ ಅಂತೀವಿ.

"ಅವರು ಬೇಟೆ ಬಿಟ್ಟು ಬೇರೇನಾದ್ರೂ ಮಾಡ್ಬಾರ್ದಾ?" ಅಂತ ಕೇಳೋರಿದ್ದಾರೆ. ಮಾಡಿದ್ದಾರೆ ಸ್ವಾಮಿ. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಕನ್ನಡ ಮಾತಾಡೋ ಜನ ಅಲ್ಲಿ ಸಿಕ್ಕಿಬಿದ್ದ ಸುದ್ದಿ ನೆನಪಿದೆಯಾ? ಅವರು ಹಕ್ಕಿಪಿಕ್ಕಿಗಳು. ಬೇಟೆ ನಿಂತ ಮೇಲೆ ಗಿಡಮೂಲಿಕೆ ಎಣ್ಣೆ, ಔಷಧಿ ಮಾರಿಕೊಂಡು ಆಫ್ರಿಕಾದ ತನಕ ಹೋದವರು. ಹುಣಸೂರಿನ ಪಕ್ಷಿರಾಜಪುರದವರು ಮಾಡೋ ತಲೆಗೂದಲಿನ ಎಣ್ಣೆಯ ಜಾಹೀರಾತು ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಎಣ್ಣೆಯ ಗುಣದ ಬಗ್ಗೆ ನಾನು ಸರ್ಟಿಫಿಕೇಟ್ ಕೊಡೋದಿಲ್ಲ. ಆದರೆ ಒಂದು ಸಮುದಾಯ ಪ್ರಾಣಿಯ ಕೂದಲು ಬಿಟ್ಟು ಮನುಷ್ಯನ ಕೂದಲಿನ ವ್ಯಾಪಾರಕ್ಕೆ ಬಂತಲ್ಲ, ಅಷ್ಟು ದೂರ ಅವರು ನಡೆದರು. ನಾವು ಒಂದು ಬ್ರಶ್ ಬದಲಾಯಿಸೋಕೆ ಒದ್ದಾಡ್ತಿದ್ದೀವಿ.

ಈಗ ಆಕ್ಷೇಪಗಳಿಗೆ ಬರೋಣ. ಈ ವಿಷಯ ತೆಗೆದಾಗಲೆಲ್ಲ ಗೆಳೆಯರು ಹೇಳೋ ಮಾತುಗಳು ನಾಲ್ಕು.

ಮೊದಲನೆಯದು: "ಮುಂಗುಸಿ ಏನು ಹುಲಿನಾ? ಎಲ್ಲಾ ಕಡೆ ಇರುತ್ತಲ್ಲ." ಹೌದು, ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಬೂದು ಮುಂಗುಸಿಗೆ ಸದ್ಯಕ್ಕೆ ಚಿಂತೆ ಇಲ್ಲ ಅಂತಲೇ ಇದೆ. ಆದರೆ ಎಲ್ಲಾ ಕಡೆ ಇರೋದೇ ಅದರ ಕಷ್ಟ. ನಮ್ಮ ಕಪ್ಪತಗುಡ್ಡ ನೋಡ್ರಿ. ಗಣಿಗಾರಿಕೆಯ ಭಯ ಬಂದಾಗ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು, ಜನ ಬೀದಿಗೆ ಬಂದರು. 2016ರಲ್ಲಿ ಸರ್ಕಾರ ವಾಪಸ್ ತಗೊಂಡಿದ್ದ ಸಂರಕ್ಷಿತ ಪ್ರದೇಶದ ಪಟ್ಟವನ್ನ 2017ರಲ್ಲಿ ಮತ್ತೆ ಕೊಡಬೇಕಾಯ್ತು. 2019ರಲ್ಲಿ ಗದಗ, ಮುಂಡರಗಿ, ಶಿರಹಟ್ಟಿ ತಾಲೂಕಿನ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮ ಆಯ್ತು. ಅಲ್ಲಿನ ತೋಳ, ಕತ್ತೆಕಿರುಬಕ್ಕೆ ಒಂದು ಗಡಿ ಸಿಕ್ಕಿತು. ಮುಂಗುಸಿಗೆ ಯಾವ ಧಾಮ? ಅದು ಇರೋದು ಲಕ್ಷ್ಮೇಶ್ವರದ ಎರೆಹೊಲದ ಬದುವಿನಲ್ಲಿ, ಮುಂಡರಗಿ ದಾರಿಯ ಕಳ್ಳಿ ಬೇಲಿಯಲ್ಲಿ, ಬೆಟಗೇರಿಯ ಹಾಳು ಮನೆಯ ಗೋಡೆ ಸಂದಿಯಲ್ಲಿ. ಅಲ್ಲಿಗೆ ಫಾರೆಸ್ಟ್ ಗಾರ್ಡು ಬರೋದಿಲ್ಲ, ಸಫಾರಿ ಜೀಪೂ ಬರೋದಿಲ್ಲ. ಬರೋನು ಉರುಳು ಹಾಕೋನೊಬ್ಬನೇ. ನಮ್ಮ ರೈತನ ಹೊಲದಲ್ಲಿ ಇಲಿ, ಹುಳ, ಹಾವು ತಿಂದುಕೊಂಡು ಪಗಾರ ಇಲ್ಲದೆ ಕೆಲಸ ಮಾಡೋ ಪ್ರಾಣಿ ಅದು. ಅದರ ಮುಖ ನೋಡಿದ್ರೆ ಕೆಲಸ ಆಗ್ತದ ಅಂತ ನಮ್ಮವ್ವ ಈಗಲೂ ಬೈಕು ನಿಲ್ಲಿಸಿ ನೋಡ್ತಾಳೆ.

ಜಪಾನಿನ ಅಮಾಮಿ ದ್ವೀಪದ ಉದಾಹರಣೆ ಹೇಳೋ ಜಾಣರೂ ಇದ್ದಾರೆ. ಅಲ್ಲಿ ಮುಂಗುಸಿಯನ್ನ ಸರ್ಕಾರವೇ ಹಿಡಿದು ಹಿಡಿದು ಮುಗಿಸಿತು, 2024ರ ಸೆಪ್ಟೆಂಬರಿನಲ್ಲಿ ಪೂರ್ತಿ ನಿರ್ಮೂಲ ಆಯ್ತು ಅಂತ ಘೋಷಿಸಿತು. ನಿಜವೇ. ಆದರೆ ಅಲ್ಲಿ ಮುಂಗುಸಿ ಹೊರಗಿನದು. ಹಾವು ಕೊಲ್ಲಲಿ ಅಂತ 1979ರಲ್ಲಿ ತಂದು ಬಿಟ್ಟದ್ದು, ಅದು ಅಲ್ಲಿನ ಅಪರೂಪದ ಮೊಲ ತಿನ್ನತೊಡಗಿತು. ಇಲ್ಲಿ ಅದು ಮನೆಯ ಪ್ರಾಣಿ. ಅಲ್ಲಿ ದ್ವೀಪ ಉಳಿಸೋಕೆ ಹಿಡಿದರು, ಇಲ್ಲಿ ಸೂರ್ಯಾಸ್ತ ಬರಿಯೋಕೆ ಹಿಡಿತಾರೆ. ಎರಡೂ ಒಂದೇ ಅಂತ ಹೇಳೋದಾದರೆ ಹೇಳ್ರಿ.

ಎರಡನೆಯ ಆಕ್ಷೇಪ: "ಪೂರ್ತಿ ನಿಷೇಧ ಯಾಕೆ? ಲೈಸೆನ್ಸು ಕೊಟ್ಟು, ಇಷ್ಟೇ ಹಿಡೀರಿ ಅಂತ ಮಿತಿ ಹಾಕಲಿ. ಆ ಜನರಿಗೂ ನಾಲ್ಕು ಕಾಸು ಬರುತ್ತೆ." ಈ ವಾದಕ್ಕೆ ನನಗೆ ಗೌರವ ಇದೆ, ಯಾಕಂದರೆ ಇದನ್ನ ಹೇಳೋರು ಬೇಟೆಗಾರನ ಹೊಟ್ಟೆಯ ಬಗ್ಗೆಯೂ ಯೋಚಿಸಿರ್ತಾರೆ. ಆದರೆ ಮಿತಿ ಹಾಕಬೇಕಾದರೆ ಮೊದಲು ಎಷ್ಟಿವೆ ಅಂತ ಗೊತ್ತಿರಬೇಕು. ಆಗಲೇ ಹೇಳಿದೆ, ಎಣಿಸಿದವರಿಲ್ಲ. ಪ್ರತಿ ಚರ್ಮಕ್ಕೆ ಟ್ಯಾಗ್ ಹಾಕಬೇಕು. ಕೂದಲಿನ ಕಟ್ಟಿಗೆ ಟ್ಯಾಗ್ ಹಾಕಿದರೆ ಅದು ಹತ್ತು ಪ್ರಾಣಿಯದೋ ಇಪ್ಪತ್ತರದೋ ಹೇಳೋರು ಯಾರು? ಬಾಬ್‌ಕ್ಯಾಟ್ ಹೊರದೇಶಕ್ಕೆ ಹೋಗೋದಾದರೆ ಚರ್ಮಕ್ಕೆ ಟ್ಯಾಗು, ಕಾಗದ ಎಲ್ಲಾ ಇರಬೇಕು. ಅಷ್ಟಿದ್ದರೂ ಕ್ಯಾಲಿಫೋರ್ನಿಯಾದಂಥ ಶ್ರೀಮಂತ ರಾಜ್ಯ ಈ ಮಿತಿಯ ದಾರಿ ಬಿಟ್ಟು ಬಾಗಿಲು ಮುಚ್ಚಿತು.

ನಮಗೂ ಮಿತಿಯ ಅನುಭವ ಇಲ್ಲದೇ ಇಲ್ಲ. 1956ರ ತನಕ ನಮ್ಮ ಗದಗ ಮುಂಬಯಿ ರಾಜ್ಯದಲ್ಲಿತ್ತು. 1951ರಲ್ಲಿ ಆ ರಾಜ್ಯ ಕಾಡುಪ್ರಾಣಿ, ಹಕ್ಕಿಗಳ ರಕ್ಷಣೆಗೆ ಕಾಯ್ದೆ ಮಾಡಿತ್ತು. ಬೇಟೆಗೆ ಲೈಸೆನ್ಸು, ಬೇಟೆ ನಿಲ್ಲಿಸೋ ಋತು ಎಲ್ಲಾ ಅದರಲ್ಲಿತ್ತು. ಲೈಸೆನ್ಸು ಅನ್ನೋದು ಬಂದೂಕು ಇದ್ದ ಸಾಹೇಬರ, ಇನಾಮದಾರರ ವಸ್ತು. ಉರುಳು ಹಾಕೋನಿಗೆ ಆಗಲೂ ಯಾರೂ ಕಾಗದ ಕೊಡಲಿಲ್ಲ, ಈಗಲೂ ಕೊಡೋದಿಲ್ಲ. ಲೈಸೆನ್ಸು ಬಂದರೆ ಅದು ಹೋಗೋದು ಮಧ್ಯವರ್ತಿಯ ಜೇಬಿಗೆ. ಜೈಲು ಮಾತ್ರ ಹಳೇ ಗಿರಾಕಿಗೇ.

ಮೂರನೆಯದು: "ಕಲೆ ಸಾರ್, ಪರಂಪರೆ. ಮೈಸೂರು ಶೈಲಿಯ ಚಿತ್ರಗಾರರು ಅಳಿಲಿನ ಕೂದಲಿನ ಬ್ರಶ್ ಮಾಡ್ಕೊಳ್ತಿರಲಿಲ್ವಾ?" ಮಾಡ್ಕೊಳ್ತಿದ್ರು. ತಮಗೆ ಬೇಕಾದ ಬ್ರಶ್ಶನ್ನ ತಾವೇ ಕಟ್ಟಿಕೊಂಡು, ಅದನ್ನ ಕಣ್ಣಿನಂಗೆ ಕಾಪಾಡಿಕೊಂಡು ವರ್ಷಗಟ್ಟಲೆ ಬಳಸಿದರು. ಅವರು ಕಿಟ್ಟಿನಲ್ಲಿ ಹಾಕಿ, ಒಂದು ಸಂಜೆ ಆಡಿ, ನೀರಿನ ಲೋಟದಲ್ಲೇ ಬಿಟ್ಟು ಮನೆಗೆ ಹೋಗಲಿಲ್ಲ. ನಮ್ಮ ಕಾಕಾನ ಕಲೆಯನ್ನ ಕೊಂದದ್ದು ಮುಂಗುಸಿ ನಿಷೇಧ ಅಲ್ಲ, ಫ್ಲೆಕ್ಸ್ ಮಶೀನು. ಆಗ ಯಾರೂ ಪರಂಪರೆ ಅಂತ ಅಳಲಿಲ್ಲ. ಮೊದಲೇ ಹೇಳಿಬಿಡ್ತೀನಿ, "ಹಾಗಾದ್ರೆ ವಿದೇಶದ ಸೇಬಲ್ ಬ್ರಶ್ ತಗೋತೀನಿ" ಅನ್ನೋರಿಗೆ: ಕೊಲಿನ್ಸ್ಕಿ ಸೇಬಲ್ ಅಂದರೆ ಸೈಬೀರಿಯಾ ಕಡೆಯ ಒಂದು ಪುಟ್ಟ ಪ್ರಾಣಿಯ ಬಾಲ. ಹೆಸರು ಬೇರೆ, ಕಥೆ ಅದೇ.

ನಾಲ್ಕನೆಯದು, ನಿಜಕ್ಕೂ ಗಟ್ಟಿ ಪ್ರಶ್ನೆ: "ನೈಲಾನ್ ಬ್ರಶ್ ಅಂದ್ರೆ ಪ್ಲಾಸ್ಟಿಕ್. ಅದು ಪರಿಸರಕ್ಕೆ ಒಳ್ಳೇದಾ?" ಒಳ್ಳೇದಲ್ಲ. ಇದಕ್ಕೆ ನನ್ನ ಹತ್ತಿರ ನುಣ್ಣನೆ ಉತ್ತರ ಇಲ್ಲ. ಕಡಿಮೆ ಕೊಳ್ರಿ, ತೊಳೆದು ಇಟ್ಟುಕೊಳ್ರಿ, ಹತ್ತು ವರ್ಷ ಬಳಸ್ರಿ ಅಂತ ಹೇಳಬಲ್ಲೆ. ಆದರೆ ವಾರಕ್ಕೆ ಏಳು ಪಾರ್ಸಲ್ ತರಿಸಿ ಪ್ಲಾಸ್ಟಿಕ್ ಡಬ್ಬಿ ಎಸೆಯೋರಿಗೆ ಬ್ರಶ್ಶಿನ ವಿಷಯದಲ್ಲಿ ಮಾತ್ರ ಪ್ಲಾಸ್ಟಿಕ್ ಭಯ ಹುಟ್ಟಿದರೆ, ಅದು ಪರಿಸರ ಪ್ರೀತಿ ಅಲ್ಲ. ಅದು ಒಳ್ಳೇ ಬ್ರಶ್ ಬಿಡಲಾಗದ ಸಂಕಟ. ಅಷ್ಟು ಒಪ್ಪಿಕೊಂಡರೆ ಸಾಕು.

ನಾನು ಹುಡುಗರಾಗಿದ್ದವರಿಗೆಲ್ಲ ಗೊತ್ತಿರೋ ಒಂದು ಪಂಚತಂತ್ರದ ಕಥೆ ನೆನಪು ಮಾಡ್ತೀನಿ. ಪಂಚತಂತ್ರವನ್ನ ಕನ್ನಡಕ್ಕೆ ತಂದ ದುರ್ಗಸಿಂಹ ನಮ್ಮ ಗದಗ ಜಿಲ್ಲೆಯ ಕಡೆಯವನೇ. ತೊಟ್ಟಿಲಲ್ಲಿ ಕೂಸು, ಕಾವಲಿಗೆ ಸಾಕಿದ ಮುಂಗುಸಿ. ಹಾವು ಬರುತ್ತದೆ, ಮುಂಗುಸಿ ಅದನ್ನ ಕೊಂದು, ಬಾಯಲ್ಲಿ ರಕ್ತ ಹಚ್ಚಿಕೊಂಡು ಬಾಗಿಲಿಗೆ ಓಡಿ ಬರುತ್ತದೆ. ತಾಯಿ ವಿಚಾರಿಸದೆ ತುಂಬಿದ ಕೊಡವನ್ನ ಅದರ ಮೇಲೆ ಎತ್ತಿ ಹಾಕುತ್ತಾಳೆ. ಈ ಕಥೆ ಕೇಳಿ ಅಳದ ಮಗು ನಮ್ಮಲ್ಲಿಲ್ಲ. ಆ ತಾಯಿಗೆ ಕನಿಷ್ಠ ಒಂದು ನೆಪ ಇತ್ತು: ರಕ್ತ ಕಂಡಿತ್ತು, ಕೂಸಿನ ಚಿಂತೆ ಇತ್ತು. ಅವಳ ತಪ್ಪು ವಿಚಾರಿಸದೇ ಇದ್ದದ್ದು. ನಮ್ಮ ತಪ್ಪೂ ಅದೇ. ನಮಗೆ ನೆಪವೂ ಇಲ್ಲ.

ಹಾಗಾದರೆ ಏನು ಮಾಡೋದು? ಕಾಡಿಗೆ ಹೋಗಿ ಕಾವಲು ಕಾಯಿರಿ ಅಂತ ನಾನು ಹೇಳೋದಿಲ್ಲ, ನಾನೂ ಹೋಗೋದಿಲ್ಲ. ಲಿಪ್‌ಸ್ಟಿಕ್ ಕೊಳ್ಳುವಾಗ ಮೊಲದ ಚಿಹ್ನೆ ಇದೆಯಾ, ಕ್ರೂಯೆಲ್ಟಿ ಫ್ರೀನಾ ಅಂತ ತಿರುಗಿಸಿ ನೋಡ್ತೀರಲ್ಲ, ಅದೇ ಕೈಯಿಂದ ಬ್ರಶ್ಶನ್ನೂ ತಿರುಗಿಸಿ ನೋಡ್ರಿ. ಮೇಕಪ್ ಬ್ರಶ್ಶಿರಲಿ, ಮಗಳ ಡ್ರಾಯಿಂಗ್ ಕ್ಲಾಸಿನ ಬ್ರಶ್ಶಿರಲಿ, ಕಬ್ಬನ್ ಪಾರ್ಕಿನ ಭಾನುವಾರದ ಸ್ಕೆಚಿಂಗಿಗೆ ಒಯ್ಯೋದಿರಲಿ. ಕೂದಲಿನಲ್ಲಿ ಕಪ್ಪು, ಕೆನೆ, ಕಂದು ಪಟ್ಟಿ ಕಂಡರೆ ಅನುಮಾನ ಪಡ್ರಿ. ನೈಲಾನಿಗೂ ಹಾಗೆ ಬಣ್ಣ ಹಾಕ್ತಾರೆ, ಹಾಗಾಗಿ ಕಣ್ಣೊಂದನ್ನೇ ನಂಬಬೇಡ್ರಿ, ಬಾಯಿ ತೆಗೆದು ಕೇಳ್ರಿ. "ಯಾವ ಪ್ರಾಣಿ?" ಅಂತ. "ನ್ಯಾಚುರಲ್" ಅನ್ನೋದು ಉತ್ತರ ಅಲ್ಲ. ಪ್ರಾಣಿಯ ಹೆಸರು ಹೇಳಲಾರದವನ ಹತ್ತಿರ ಕೊಳ್ಳಬೇಡ್ರಿ. ನಿಮ್ಮ ಕಂಪನಿಯಲ್ಲಿ ಇಂಥ ಕಿಟ್ ತರಿಸ್ತಾರಾ? ಕಂಪನಿಗೆ ಬರೋ ವೆಂಡರ್ ನೂರು ಫಾರ್ಮು ತುಂಬ್ತಾನೆ, ಅದರಲ್ಲಿ ಒಂದು ಸಾಲು ಸೇರಿಸೋಕೆ ಹೇಳ್ರಿ: ಪ್ರಾಣಿ ಕೂದಲು ಇಲ್ಲ ಅಂತ ಬರೆದುಕೊಡಬೇಕು. ಈ ಒಂದು ಸಾಲು ಹತ್ತು ದಾಳಿಗಿಂತ ದೊಡ್ಡದು. ಯಾಕಂದರೆ ಆರ್ಡರು ನಿಂತರೆ ಶೇರ್‌ಕೋಟಿನ ಕಳ್ಳ ಮಾಲು ನಿಲ್ಲುತ್ತದೆ, ಮಾಲು ನಿಂತರೆ ಮಧ್ಯವರ್ತಿ ಹಳ್ಳಿಗೆ ಬರೋದು ನಿಲ್ಲುತ್ತದೆ, ಅವನು ಬರದಿದ್ದರೆ ಉರುಳು ಹಾಕೋನಿಗೆ ಉರುಳು ಹಾಕಿ ಉಪಯೋಗ ಇಲ್ಲ. ಯಾರನ್ನೂ ಜೈಲಿಗೆ ಕಳಿಸದೆ ಬೇಟೆ ನಿಲ್ಲಿಸೋ ದಾರಿ ಇದೊಂದೇ.

ಸರ್ಕಾರ ಮಾಡಬೇಕಾದ್ದೂ ಇದೆ. ದಾಳಿ ಮಾಡಿದಾಗ ಬಲೆ ಹಿಡಿದವನ ಫೋಟೋ ಪೇಪರಿಗೆ ಕೊಡ್ತಾರೆ. ಬಿಲ್ ಪುಸ್ತಕ ಹಿಡಿದವನ ಫೋಟೋ ಕೊಡಲಿ. ಬ್ರಶ್ಶಿನ ಮೇಲೆ ಯಾವ ಕೂದಲು ಅಂತ ಕಡ್ಡಾಯವಾಗಿ ಬರೆಸಲಿ. ಬಿಸ್ಕೀಟಿನ ಪೊಟ್ಟಣದ ಮೇಲೆ ಸಸ್ಯವೋ ಮಾಂಸವೋ ಅಂತ ಹಸಿರು ಚುಕ್ಕಿ ಹಾಕೋ ದೇಶಕ್ಕೆ ಇದು ದೊಡ್ಡ ಕೆಲಸ ಅಲ್ಲ.

ಮೊನ್ನೆ ಪಂಚಮಿಗೆ ಊರಿಗೆ ಹೋದಾಗ ಕಾಕಾನ ಹತ್ತಿರ ಕೂತು ಇದನ್ನೆಲ್ಲ ಹೇಳಿದೆ. ಈಗ ಅವರಿಗೆ ಕಣ್ಣು ಮಂದ. ಸುಮ್ಮನೆ ಕೇಳಿಸಿಕೊಂಡರು. "ಕಾಕಾ, ಆಗ ನಿಮಗ ಗೊತ್ತಿದ್ದಿಲ್ಲೇನ್ರಿ?" ಅಂದೆ. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು:

"ಗೊತ್ತಿರಲಾರದೇನು ತಮ್ಮಾ. ನಾವು ಕೇಳ್ಲಿಲ್ಲ, ಅವರು ಹೇಳ್ಲಿಲ್ಲ. ಕೇಳಿದ್ರ ಬ್ರಶ್ ತೊಗೊಳ್ಳಾಕ ಆಗ್ತಿದ್ದಿಲ್ಲ."

ನಾನು ಕಾಕಾನನ್ನ ದೂರೋದಿಲ್ಲ. ಆ ಬ್ರಶ್ಶಿನಿಂದ ಅವರು ನಾಲ್ಕು ಮಕ್ಕಳನ್ನ ಸಾಕಿದರು, ಆ ಒಂದು ಬ್ರಶ್ ಹದಿನೈದು ವರ್ಷ ಬಾಳಿತು. ನಮಗೆ ಆ ಹಸಿವೂ ಇಲ್ಲ, ಆ ಕಸುಬೂ ಇಲ್ಲ. ನಮಗಿರೋದು ಬರೀ ಶುಕ್ರವಾರದ ಸಂಜೆ.

ಆಫೀಸಿನ ಕಥೆ ಹೇಳಿ ಮುಗಿಸ್ತೀನಿ. ಸೋಮವಾರ ಎಚ್‌ಆರ್‌ನವರಿಗೆ ಎರಡು ಸಾಲಿನ ಮೇಲ್ ಹಾಕಿದೆ. ಮೊದಲು "ತಮಾಷೆನಾ?" ಅಂತ ಫೋನು ಬಂತು. ಆಮೇಲೆ ಶಿಕ್ಷೆ 7 ವರ್ಷದ ತನಕ ಅಂದ ಮೇಲೆ ತಮಾಷೆ ಹೋಯಿತು. ಮಾರ್ಚಿನಲ್ಲಿ ಮತ್ತೊಂದು ಸಂಜೆ ಇಟ್ಟರು. ಬೇರೆ ವೆಂಡರು, ಮೂರೂ ಬ್ರಶ್ ನೈಲಾನು, ಕಿಟ್ಟಿನ ಬೆಲೆಯೂ ಕಡಿಮೆ. ಈ ಸಲ ಎಲ್ಲರೂ ಬರೀಬೇಕಾದ್ದು ಬೆಟ್ಟ. ನಾನು ಕಪ್ಪತಗುಡ್ಡ ಬರೆದೆ. ಪಕ್ಕದ ಸೀಟಿನವಳು ನೋಡಿ, "ಇದೇನು, ಒಂಟೆನಾ?" ಅಂದಳು.

ಮುಂಗುಸಿ ಬ್ರಶ್ ಕೊಟ್ಟಿದ್ದರೂ ಅದು ಒಂಟೆಯೇ ಆಗ್ತಿತ್ತು.